ಗದ್ದ ಸಣ್ಣದಿರುವ ಮಗು ಹುಟ್ಟಿದಾಗ: ಉಸಿರಿನ ದಾರಿ ತೆರೆದಿಡುವ ಕ್ರಮ

ಹುಟ್ಟಿದ ಮಗುವನ್ನು ಒರೆಸುವಾಗ ಅದರ ಮುಖವನ್ನು ಒಮ್ಮೆ ಪಕ್ಕದಿಂದ ನೋಡಿ. ಎದುರಿನಿಂದ ಎಲ್ಲ ಮಕ್ಕಳ ಮುಖವೂ ದುಂಡಗೇ ಕಾಣುತ್ತದೆ. ಕೆಳತುಟಿಯ ಕೆಳಗೆ ಗದ್ದ ಇದೆಯೋ, ಇಲ್ಲಾ ತುಟಿಯಿಂದ ಸೀದಾ ಕುತ್ತಿಗೆಗೆ ಜಾರಿದೆಯೋ ಅನ್ನುವುದು ಪಕ್ಕದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಎರಡು ಸೆಕೆಂಡಿನ ಕೆಲಸ ಇದು.

ನಾನು ಕಾಸರಗೋಡಿನ ಕಡೆಯ ಹೆರಿಗೆ ಕೋಣೆಗಳಲ್ಲಿ, ಎಳೆ ಮಕ್ಕಳ ವಾರ್ಡಿನಲ್ಲಿ ತುಂಬಾ ವರ್ಷ ನರ್ಸ್ ಆಗಿದ್ದವಳು. ನಮ್ಮಲ್ಲಿ ತರಬೇತಿ ನಡೆಯುವುದು ಇಂಗ್ಲಿಷಿನಲ್ಲಿ ಅಥವಾ ಮಲಯಾಳದಲ್ಲಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕನ್ನಡ ಶಾಲೆಗಳಲ್ಲಿ ಕಲಿತು ನರ್ಸಿಂಗಿಗೆ ಬಂದ ಹುಡುಗಿಯರಿಗೆ ಈ ವಿಷಯವನ್ನು ಕನ್ನಡದಲ್ಲಿ ಹೇಳಿದವರು ಕಡಿಮೆ. ತಾಯಂದಿರಿಗಂತೂ ಯಾರೂ ಹೇಳುವುದಿಲ್ಲ. ಅವರಿಬ್ಬರಿಗೂ ಆಗಲಿ ಅಂತ ಬರೆಯುತ್ತಿದ್ದೇನೆ. ಟ್ಯೂಬ್ ಹಾಕುವ, ಮಾಸ್ಕ್ ಹಿಡಿಯುವ ಕೆಲಸಗಳನ್ನು ಬೊಂಬೆಯ ಮೇಲೆ ಕೈಯಾರೆ ಕಲಿತೇ ಮಾಡಬೇಕು. ಓದಿ ಮಾಡುವಂಥದ್ದಲ್ಲ. ಆದರೆ ಯಾವುದರ ನಂತರ ಯಾವುದು ಅನ್ನುವುದು ತಲೆಯಲ್ಲಿದ್ದರೆ ಕೈ ನಡುಗುವುದಿಲ್ಲ.

ಒಳಗೆ ಏನಾಗಿರುತ್ತದೆ

ಕೆಳದವಡೆ ಸಣ್ಣದಾಗಿದ್ದರೆ ನಾಲಿಗೆಗೆ ಮುಂದೆ ಜಾಗ ಇರುವುದಿಲ್ಲ. ನಾಲಿಗೆಯ ಗಾತ್ರ ಸರಿಯಾಗಿಯೇ ಇರುತ್ತದೆ, ಮನೆ ಮಾತ್ರ ಚಿಕ್ಕದು. ಹಾಗಾಗಿ ಅದು ಹಿಂದಕ್ಕೆ ಬಿದ್ದು ಗಂಟಲಿನ ಬಾಗಿಲಿಗೆ ಮುಚ್ಚಳದ ಹಾಗೆ ಕೂರುತ್ತದೆ. ತುಂಬಾ ಮಕ್ಕಳಲ್ಲಿ ಅಂಗುಳವೂ ಸೀಳಿರುತ್ತದೆ. ಅದಕ್ಕೂ ಕಾರಣ ನಾಲಿಗೆಯೇ. ಗರ್ಭದಲ್ಲಿ ಸುಮಾರು 8ರಿಂದ 12ನೇ ವಾರದೊಳಗೆ ಅಂಗುಳದ ಎರಡು ಭಾಗ ನಡುವೆ ಬಂದು ಕೂಡಬೇಕು. ಜಾಗವಿಲ್ಲದ ನಾಲಿಗೆ ಮೇಲೆ ಎದ್ದು ನಿಂತು ಅವು ಕೂಡದಂತೆ ತಡೆಯುತ್ತದೆ. ಸೀಳು ಕುದುರೆ ಲಾಳದ ಆಕಾರದಲ್ಲಿ ಅಗಲವಾಗಿ ಉಳಿಯುತ್ತದೆ.

ಸಣ್ಣ ದವಡೆ, ಹಿಂದೆ ಬಿದ್ದ ನಾಲಿಗೆ, ಉಸಿರಿಗೆ ತಡೆ. ಈ ಮೂರೂ ಕೂಡಿದ್ದಕ್ಕೆ ಪಿಯರ್ ರಾಬಿನ್ ಸೀಕ್ವೆನ್ಸ್ ಅನ್ನುತ್ತಾರೆ. 1923ರಲ್ಲಿ ಇದರ ಬಗ್ಗೆ ಬರೆದ ಫ್ರಾನ್ಸಿನ ವೈದ್ಯರ ಹೆಸರು ಅದು. ಸುಮಾರು 8,500ರಿಂದ 14,000 ಮಕ್ಕಳಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ ಅನ್ನುವುದು ಪುಸ್ತಕದ ಲೆಕ್ಕ. ವರ್ಷಕ್ಕೆ 1,000 ಹೆರಿಗೆ ಆಗುವ ಆಸ್ಪತ್ರೆಗೆ ಹತ್ತು ವರ್ಷಕ್ಕೊಮ್ಮೆ ಇಂಥ ಮಗು ಬಂದೀತು. ಅಂದರೆ ಹೆಚ್ಚಿನ ಸಿಸ್ಟರುಗಳಿಗೆ ಇದು ಮೊದಲ ಸಲವೇ ಆಗಿರುತ್ತದೆ, ಅದೂ ನಡುರಾತ್ರಿ.

ಹೆರಿಗೆಗೆ ಮೊದಲು

18ರಿಂದ 20ನೇ ವಾರದ ಸ್ಕ್ಯಾನಿನಲ್ಲಿ ಮಗುವಿನ ಮುಖವನ್ನು ಪಕ್ಕದಿಂದ ನೋಡಿದರೆ ಗದ್ದ ಹಿಂದೆ ಸರಿದದ್ದು ಕಾಣಬಹುದು. ಗರ್ಭದ ನೀರು ಜಾಸ್ತಿ ಇರುವುದು ಇನ್ನೊಂದು ಸುಳಿವು. ಮಗುವಿಗೆ ನೀರು ನುಂಗಲು ಆಗದಿದ್ದರೆ ಅದು ಸುತ್ತ ತುಂಬಿಕೊಳ್ಳುತ್ತದೆ. ರಿಪೋರ್ಟಿನಲ್ಲಿ ಇವೆರಡರಲ್ಲಿ ಒಂದಿದ್ದರೂ ಡಾಕ್ಟರರ ಹತ್ತಿರ ಬಾಯಿಬಿಟ್ಟು ಕೇಳಿ: "ಈ ಹೆರಿಗೆ ಇಲ್ಲೇ ಆಗಬಹುದಾ, ದೊಡ್ಡ ಆಸ್ಪತ್ರೆಗೆ ಹೋಗಬೇಕಾ?" ಎಳೆ ಮಕ್ಕಳ ಐಸಿಯು, ಅರಿವಳಿಕೆ ವೈದ್ಯರು, ಇಎನ್‌ಟಿ ಸರ್ಜನ್ ಮೂವರೂ ಒಂದೇ ಕಡೆ ಸಿಗುವಲ್ಲಿ ಹೆರಿಗೆ ಆಗುವುದು ಒಳ್ಳೆಯದು. ನಮ್ಮ ಕಡೆಯವರಿಗೆ ಅದು ಮಂಗಳೂರು, ಅದರ ಹತ್ತಿರದ ದೇರಳಕಟ್ಟೆ ಅಥವಾ ಕಣ್ಣೂರು ಕಡೆಯ ಪರಿಯಾರಂ. ಹೊಟ್ಟೆಯಲ್ಲಿರುವಾಗಲೇ ಹೋಗಿ ಸೇರಿಕೊಂಡರೆ ಆಂಬುಲೆನ್ಸಿನ ಅರ್ಧ ಗಂಡಾಂತರ ತಪ್ಪಿತು.

ದವಡೆ ತೀರಾ ಸಣ್ಣದಿದ್ದರೆ ಮಗುವಿನ ತಲೆ, ಭುಜ ಮಾತ್ರ ಹೊರತೆಗೆದು, ಹೊಕ್ಕುಳ ಬಳ್ಳಿ ಕತ್ತರಿಸದೆ ಉಸಿರಿನ ಟ್ಯೂಬ್ ಹಾಕುವ ವಿಧಾನವೊಂದಿದೆ. ಎಕ್ಸಿಟ್ ಅಂತ ಹೆಸರು. ಅಷ್ಟು ಹೊತ್ತೂ ಮಾಸು ಮಗುವಿಗೆ ಆಮ್ಲಜನಕ ಕೊಡುತ್ತಿರುತ್ತದೆ. ಹೆಚ್ಚಿನ ಮಕ್ಕಳಿಗೆ ಇದು ಬೇಕಾಗುವುದಿಲ್ಲ.

ಕೈಗೆ ಸಿಗುವಲ್ಲಿ ಏನೇನು ಇರಬೇಕು

ಮಗುವನ್ನು ಬೆಚ್ಚಗಿಡುವ ಮೇಜಿನ, ಅಂದರೆ ವಾರ್ಮರಿನ, ಡ್ರಾಯರಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬೇರೆಯೇ ಇಡಿ. ಅದರಲ್ಲಿ 2.5 ಮತ್ತು 3.0 ಅಳತೆಯ ಎಂಡೋಟ್ರೇಕಿಯಲ್ ಟ್ಯೂಬ್ (ಉಸಿರಿನ ಟ್ಯೂಬ್), 1ನೇ ನಂಬರಿನ ಲ್ಯಾರಿಂಜಿಯಲ್ ಮಾಸ್ಕ್ (ಬಾಯಿಯೊಳಗಿಂದ ಹೋಗಿ ಧ್ವನಿಪೆಟ್ಟಿಗೆಯ ಮೇಲೆ ಕೂರುವ ಮಾಸ್ಕ್), ಮಕ್ಕಳ ಅಳತೆಯ ಓರಲ್ ಏರ್‌ವೇ (ಬಾಯಲ್ಲಿಟ್ಟು ದಾರಿ ತೆರೆದಿಡುವ ಬಾಗಿದ ಕೊಳವೆ), 5, 6 ಮತ್ತು 8 ಫ್ರೆಂಚ್ ಅಳತೆಯ ಕ್ಯಾತಿಟರ್ (ಸಪೂರ ಕೊಳವೆ), ಜೆಲ್ಲಿ, ಪ್ಲಾಸ್ಟರ್ ಇರಲಿ. ಉಸಿರು ಕೊಡುವ ಅಂಬು ಬ್ಯಾಗ್, ಸಿಂಬಳ ಹೀರುವ ಸಕ್ಷನ್, ರಕ್ತದ ಆಮ್ಲಜನಕ ತೋರಿಸುವ ಆಕ್ಸಿಮೀಟರ್ ಹೇಗೂ ಅಲ್ಲೇ ಇರುತ್ತವೆ. ಲ್ಯಾರಿಂಜಿಯಲ್ ಮಾಸ್ಕ್ ಇಲ್ಲದ ಹೆರಿಗೆ ಕೋಣೆಗಳು ಇನ್ನೂ ಇವೆ. ದಯವಿಟ್ಟು ಇಂಡೆಂಟ್ ಹಾಕಿ ತರಿಸಿ. ಬೇರೆಲ್ಲ ಕೈಕೊಟ್ಟಾಗ ಈ ಮಕ್ಕಳ ಜೀವ ಉಳಿಸುವುದು ಅದೇ.

ಮೊದಲ ನಿಮಿಷ

ಎಲ್ಲ ಮಕ್ಕಳ ಹಾಗೆಯೇ ಬೆಚ್ಚಗಿಡಿ, ಒರೆಸಿ, ಬೆನ್ನು ತಿಕ್ಕಿ. ಬಾಯಿ ಮೊದಲು, ಮೂಗು ಆಮೇಲೆ, ಬೇಕಿದ್ದರೆ ಮಾತ್ರ ಸಕ್ಷನ್. ಸಕ್ಷನ್ನಿನ ಒತ್ತಡ 80ರಿಂದ 100 ಎಂಎಂ (ಪಾದರಸ) ದಾಟಬಾರದು. ಅಂಗುಳ ಸೀಳಿದೆಯೇ ಅಂತ ಈಗಲೇ ಬೆರಳು ಹಾಕಿ ಹುಡುಕಬೇಡಿ, ಅದಕ್ಕೆ ಆಮೇಲೆ ಸಮಯವಿದೆ.

ಈಗ ಎದೆ ನೋಡಿ. ಉಸಿರಿನ ದಾರಿ ಕಟ್ಟಿದ ಮಗು ಉಸಿರಿಗೆ ಹೋರಾಡುತ್ತಿರುತ್ತದೆ. ಹೊಟ್ಟೆ ಮೇಲೆದ್ದಾಗ ಎದೆ ಒಳಗೆ ಹೋಗುತ್ತದೆ, ಎದೆ ಎದ್ದಾಗ ಹೊಟ್ಟೆ ಇಳಿಯುತ್ತದೆ. ಹಳೆಯ ಅಡಿಕೆ ತೋಟದ ಏತ ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ. ಎದೆಮೂಳೆಯ ಕೆಳಗೆ ಗುಳಿ ಬೀಳುತ್ತದೆ, ಗೊರಕೆಯಂಥ ಸದ್ದು ಬರುತ್ತದೆ. ಸದ್ದೇ ಇಲ್ಲದಿದ್ದರೆ ಇನ್ನೂ ಕೆಟ್ಟದು: ಎದೆ ಆಡುತ್ತಿದೆ, ಗಾಳಿ ಹೋಗುತ್ತಿಲ್ಲ ಅಂತ ಅರ್ಥ. ಸ್ಟೆತಸ್ಕೋಪನ್ನು ಬಾಯಿಯ ಹತ್ತಿರ ಹಿಡಿದು ಕೇಳಿ. ಎದೆ ಆಡುವುದನ್ನು ಕಂಡು "ಉಸಿರಾಡ್ತಿದೆ" ಅಂತ ಬರೆದು ಮುಂದೆ ಹೋಗುವುದೇ ಇಲ್ಲಿ ಆಗುವ ದೊಡ್ಡ ತಪ್ಪು.

ಆಕ್ಸಿಮೀಟರನ್ನು ಬಲಗೈಗೆ ಕಟ್ಟಿ. ಸರಿಯಿರುವ ಮಗುವಿನಲ್ಲೂ ಆಮ್ಲಜನಕ 2ನೇ ನಿಮಿಷಕ್ಕೆ ಶೇಕಡಾ 65ರಿಂದ 70, 5ನೇ ನಿಮಿಷಕ್ಕೆ 80ರಿಂದ 85, 10ನೇ ನಿಮಿಷಕ್ಕೆ 85ರಿಂದ 95 ಅಷ್ಟೇ ಇರುತ್ತದೆ. ಆದ್ದರಿಂದ ನಂಬರ್ ನೋಡಿ ಗಾಬರಿ ಬೇಡ. ಅದು ಏರುತ್ತಿದೆಯಾ, ನಿಂತಿದೆಯಾ ಅನ್ನುವುದನ್ನು ಗಮನಿಸಿ.

ಕವುಚಿ ಮಲಗಿಸಿ

ಗದ್ದ ಸಣ್ಣದು, ಎದೆ ಒಳಗೆ ಎಳೆಯುತ್ತಿದೆ, ಮಗು ತಾನಾಗಿ ಉಸಿರಿಗೆ ಪ್ರಯತ್ನಿಸುತ್ತಿದೆ. ಹೀಗಿದ್ದರೆ ಮೊದಲು ಮಾಡುವ ಕೆಲಸ ಇದು. ಯಂತ್ರ ಬೇಡ, ಔಷಧಿ ಬೇಡ. ಮಗುವನ್ನು ಹೊಟ್ಟೆಯ ಮೇಲೆ ಕವುಚಿ ಮಲಗಿಸಿ. ಅಂಗಾತ ಮಲಗಿದಾಗ ತನ್ನ ಭಾರಕ್ಕೇ ಹಿಂದೆ ಬಿದ್ದಿದ್ದ ನಾಲಿಗೆ ಈಗ ಅದೇ ಭಾರಕ್ಕೆ ಮುಂದೆ ಬರುತ್ತದೆ.

ಎದೆಯ ಕೆಳಗೆ ಬಟ್ಟೆಯ ಸಣ್ಣ ಸುರುಳಿ ಇಡಿ. ಮುಖ ಒಂದು ಬದಿಗೆ ತಿರುಗಿರಲಿ, ಬಾಯಿ ಮೂಗು ಎರಡೂ ಬಟ್ಟೆಗೆ ತಾಗದಿರಲಿ. ಕುತ್ತಿಗೆ ಮಡಚಿಕೊಳ್ಳದಂತೆ ನೋಡಿ. ಮಗು ಕವುಚಿದ್ದರೆ ಹೃದಯದ ಬಡಿತ ಕೇಳುವುದು ಹೇಗೆ ಅಂತ ಹೊಸಬರು ಕೇಳುತ್ತಾರೆ. ಬೆನ್ನಿನ ಎಡಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟರೆ ಚೆನ್ನಾಗಿಯೇ ಕೇಳುತ್ತದೆ. ಆಮ್ಲಜನಕ ಬೇಕಿದ್ದರೆ ಮೂಗಿನ ಹತ್ತಿರ ಹಿಡಿಯಿರಿ.

ಅರ್ಧ ನಿಮಿಷ ನೋಡಿ. ಗೊರಕೆ ನಿಂತು ಎದೆಯ ಗುಳಿ ಕಡಿಮೆಯಾಗಿ ಬಣ್ಣ ಬಂದರೆ, ನಿಮಗೆ ಸಮಯ ಸಿಕ್ಕಿತು. ಮತ್ತೆ ಅಂಗಾತ ಮಾಡಬೇಡಿ. ತೂಕ ನೋಡಲು, ವಿಟಮಿನ್ ಕೆ ಕೊಡಲು, ಮನೆಯವರಿಗೆ ತೋರಿಸಲು ಅಂತ ತಿರುಗಿಸಿ ಹಾಕಿ ಮಗು ಮತ್ತೆ ನೀಲಿಯಾದದ್ದನ್ನು ನಾನು ನೋಡಿದ್ದೇನೆ. ತೂಕ ಕಾಯುತ್ತದೆ. ಇಂಜೆಕ್ಷನ್ನನ್ನು ಕವುಚಿದ್ದಲ್ಲೇ ತೊಡೆಯ ಹೊರಭಾಗಕ್ಕೆ ಕೊಡಬಹುದು.

ಮೂಗಿನ ಟ್ಯೂಬ್

ಕವುಚಿದರೂ ಎಳೆತ ಹೋಗದಿದ್ದರೆ ಮುಂದಿನದು ಇದು. 2.5 ಅಳತೆಯ ಎಂಡೋಟ್ರೇಕಿಯಲ್ ಟ್ಯೂಬನ್ನು ಮೂಗಿನ ಮೂಲಕ ಇಳಿಸಿ, ತುದಿ ನಾಲಿಗೆಯ ಬುಡ ದಾಟಿ ಗಂಟಲಲ್ಲಿ ನಿಲ್ಲುವಂತೆ ಮಾಡುವುದು. ಶ್ವಾಸನಾಳದ ಒಳಗೆ ಹೋಗಬಾರದು, ಧ್ವನಿಪೆಟ್ಟಿಗೆಯ ಮೇಲೆಯೇ ಇರಬೇಕು. ಬಾಯಿ ತೆರೆಯಬೇಕಿಲ್ಲ, ಗಂಟಲೊಳಗೆ ನೋಡುವ ಲ್ಯಾರಿಂಗೊಸ್ಕೋಪ್ ಬೇಕಿಲ್ಲ. ನಾಲಿಗೆ ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಒಂದು ಕೊಳವೆ ಇಟ್ಟ ಹಾಗೆ, ಅಷ್ಟೇ.

ಮೊದಲು ಮೂಗಿನ ಹೊಳ್ಳೆಯಿಂದ ಕಿವಿಯ ಮುಂದಿನ ಸಣ್ಣ ಗುಬುಟಿನ ತನಕ ಅಳೆದು ಟ್ಯೂಬಿಗೆ ಗುರುತು ಹಾಕಿ. ತುದಿಗೆ ಜೆಲ್ಲಿ ಹಚ್ಚಿ. ಮೂಗಿನ ನೆಲದ ಮೇಲೆ, ಮುಖಕ್ಕೆ ನೇರವಾಗಿ ಹಿಂದಕ್ಕೆ ತಳ್ಳಿ. ಮೇಲಕ್ಕೆ, ಕಣ್ಣಿನ ಕಡೆಗೆ ತಳ್ಳಬೇಡಿ. ತಡೆ ಸಿಕ್ಕರೆ ಒತ್ತಾಯ ಬೇಡ, ಸ್ವಲ್ಪ ತಿರುಗಿಸಿ ನೋಡಿ ಅಥವಾ ಇನ್ನೊಂದು ಹೊಳ್ಳೆಗೆ ಹೋಗಿ.

ಗುರುತಿನ ತನಕ ಹೋದ ಮೇಲೆ ಟ್ಯೂಬಿನ ಹೊರ ಬಾಯಿಗೆ ಕಿವಿಗೊಡಿ. ಉಸಿರಿನ ಸದ್ದು ಕೇಳುತ್ತದೆ, ಟ್ಯೂಬಿನೊಳಗೆ ಹಬೆ ಕಟ್ಟುತ್ತದೆ. ಎದೆಯ ಎಳೆತ ಇಳಿಯುತ್ತದೆ. ಏನೂ ಇಲ್ಲದಿದ್ದರೆ ತುದಿ ಇನ್ನೂ ನಾಲಿಗೆಯ ಹಿಂದೆಯೇ ಇದೆ, ಅರ್ಧ ಸೆಂಟಿಮೀಟರ್ ಮುಂದೆ ತಳ್ಳಿ. ಮಗು ಓಕರಿಸಿ ಕೆಮ್ಮಿದರೆ ಅಥವಾ ಹೊಟ್ಟೆ ಉಬ್ಬಿದರೆ ಜಾಸ್ತಿ ಒಳಗೆ ಹೋಗಿದೆ, ಹಿಂದೆ ಎಳೆಯಿರಿ. ಸರಿಯಾದ ಜಾಗ ಸಿಕ್ಕ ಕೂಡಲೇ ಎಷ್ಟು ಸೆಂಟಿಮೀಟರ್ ಅಂತ ನೋಡಿ, ಪ್ಲಾಸ್ಟರ್ ಹಾಕಿ, ಕೇಸ್ ಶೀಟಿನಲ್ಲಿ ದೊಡ್ಡದಾಗಿ ಬರೆಯಿರಿ. ಸಪೂರ ಟ್ಯೂಬ್ ಇದು, ಸಿಂಬಳಕ್ಕೆ ಬೇಗ ಕಟ್ಟುತ್ತದೆ. 5 ಅಥವಾ 6 ಫ್ರೆಂಚ್ ಕ್ಯಾತಿಟರಿನಿಂದ ಆಗಾಗ ಸಕ್ಷನ್ ಮಾಡುತ್ತಿರಬೇಕು. ಟ್ಯೂಬ್ ಹಾಕಿದ ಮೇಲೂ ಮಗು ಕವುಚಿಯೇ ಇರಲಿ.

ಮಗು ಉಸಿರಾಡದಿದ್ದರೆ, ಹೃದಯದ ಬಡಿತ ನಿಮಿಷಕ್ಕೆ 100ಕ್ಕಿಂತ ಇಳಿದರೆ

ಈಗ ಅಂಗಾತ ಮಾಡಲೇಬೇಕು, ಏಕೆಂದರೆ ಬ್ಯಾಗಿನಿಂದ ಉಸಿರು ಕೊಡಬೇಕು. ನಿಮಿಷಕ್ಕೆ 40ರಿಂದ 60 ಸಲ. ತಿಂಗಳು ತುಂಬಿದ ಮಗುವಿಗೆ ಮಾಮೂಲಿ ಗಾಳಿಯಿಂದಲೇ, ಅಂದರೆ 21 ಶೇಕಡಾದಿಂದ ಶುರು. ಇಬ್ಬರು ಸೇರಿ ಮಾಡಿ. ಒಬ್ಬರು ಎರಡೂ ಕೈಯಿಂದ ಮಾಸ್ಕ್ ಹಿಡಿದು, ಬೆರಳುಗಳಿಂದ ಕಿವಿಯ ಕೆಳಗೆ ದವಡೆಯ ಮೂಲೆಯನ್ನು ಮುಂದಕ್ಕೆ ಎತ್ತಬೇಕು. ಇನ್ನೊಬ್ಬರು ಬ್ಯಾಗ್ ಒತ್ತಬೇಕು. ಗದ್ದ ಇಲ್ಲದ ಮುಖಕ್ಕೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಎದೆ ಏಳದಿದ್ದರೆ ಮಾಸ್ಕನ್ನು ಇನ್ನೂ ಗಟ್ಟಿ ಒತ್ತುವವರಿದ್ದಾರೆ. ಒತ್ತಿದಷ್ಟೂ ದವಡೆ ಹಿಂದೆ ಹೋಗುತ್ತದೆ, ನಾಲಿಗೆ ಇನ್ನಷ್ಟು ಮುಚ್ಚುತ್ತದೆ. ದವಡೆಯನ್ನು ಮಾಸ್ಕಿನ ಒಳಕ್ಕೆ ಎತ್ತಿ ತರಬೇಕು.

ಎರಡು ಮೂರು ಸಲ ಸರಿಪಡಿಸಿದರೂ ಎದೆ ಏಳದಿದ್ದರೆ ತಡಮಾಡಬೇಡಿ, 1ನೇ ನಂಬರಿನ ಲ್ಯಾರಿಂಜಿಯಲ್ ಮಾಸ್ಕ್ ಹಾಕಿ. ಕಣ್ಣಿಗೆ ಗಂಟಲು ಕಾಣಬೇಕಿಲ್ಲ. ಅಂಗುಳಕ್ಕೆ ಒತ್ತಿಕೊಂಡು ಒಳಗೆ ಜಾರಿಸಿದರೆ ತಡೆ ಸಿಗುವಲ್ಲಿ ತಾನಾಗಿ ನಿಲ್ಲುತ್ತದೆ. ಅಂಗುಳ ಸೀಳಿದ್ದರೆ ತುದಿ ಸೀಳಿನೊಳಗೆ ಸಿಕ್ಕಿಕೊಳ್ಳಬಹುದು, ಅಲ್ಲಿ ಮೆತ್ತಗೆ ಬದಿಯಿಂದ ತಿರುಗಿಸಿ. ಬ್ಯಾಗ್ ಜೋಡಿಸಿ ಒತ್ತಿ, ಎದೆ ನೋಡಿ. ಎದೆ ಏಳುವ ಹಾಗೆ 30 ಸೆಕೆಂಡ್ ಕೊಟ್ಟ ಮೇಲೂ ಬಡಿತ 60ಕ್ಕಿಂತ ಕೆಳಗಿದ್ದರೆ ಎದೆ ಒತ್ತುವುದು ಶುರುವಾಗಬೇಕು: ಮೂರು ಒತ್ತಿಗೆ ಒಂದು ಉಸಿರು, ಆಮ್ಲಜನಕ 100 ಶೇಕಡಾ. ಗಾಳಿ ಹೋಗದ ಮಗುವಿನ ಎದೆ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ದಾರಿ ಮೊದಲು.

ಬಾಯಿಯಿಂದ ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಗಡಸಾಗಿ ಕೇಳಬಹುದು. ಈ ಮಕ್ಕಳಲ್ಲಿ ಲ್ಯಾರಿಂಗೊಸ್ಕೋಪ್ ಹಾಕಿದರೆ ನಾಲಿಗೆ ಮಾತ್ರ ಕಾಣುತ್ತದೆ. ನಾನಿದ್ದ ಒಂದು ಆಸ್ಪತ್ರೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಪ್ರಯತ್ನಿಸುತ್ತಲೇ ಹೋದರು. ಪ್ರತಿ ಸಲವೂ ಗಂಟಲು ಇನ್ನಷ್ಟು ಊದಿತು, ರಕ್ತ ಬಂತು. ಮೊದಲು ಗೊರಕೆಯಾದರೂ ಹೊಡೆಯುತ್ತಿದ್ದ ಮಗುವಿಗೆ ಕೊನೆಗೆ ಅದೂ ಇಲ್ಲವಾಯಿತು. ಡ್ರಾಯರಿನಲ್ಲಿ ಲ್ಯಾರಿಂಜಿಯಲ್ ಮಾಸ್ಕ್ ಇತ್ತು. ಅದನ್ನು ತೆಗೆದುಕೊಡುವ ಧೈರ್ಯ ನನಗೆ ಆ ದಿನ ಇರಲಿಲ್ಲ. ಇವತ್ತಿಗೂ ಅದು ಎದೆ ಚುಚ್ಚುತ್ತದೆ. ಕೈ ಪಳಗಿದವರು ಒಂದೆರಡು ಸಲ ನೋಡಲಿ, ವಿಡಿಯೊ ಲ್ಯಾರಿಂಗೊಸ್ಕೋಪ್ ಇದ್ದರೆ ಅದರಿಂದ. ಆಗಲಿಲ್ಲ ಅಂದರೆ ನಿಲ್ಲಿಸಿ, ಲ್ಯಾರಿಂಜಿಯಲ್ ಮಾಸ್ಕಿಗೆ ಹೋಗಿ. ಮೂಗಿನ ಟ್ಯೂಬಿನಲ್ಲಿ ಅಥವಾ ಲ್ಯಾರಿಂಜಿಯಲ್ ಮಾಸ್ಕಿನಲ್ಲಿ ಬಣ್ಣ ಬಂದಿದೆ, ಬಡಿತ ಸರಿಯಿದೆ ಅಂದರೆ ಅಲ್ಲಿಗೆ ಕೈ ತೆಗೆಯಿರಿ. ಉಸಿರಾಡುತ್ತಿರುವ ಮಗುವಿಗೆ ದಾರಿ ಗಟ್ಟಿಯಾಗುವ ಮೊದಲು ಸ್ನಾಯು ಸಡಿಲಿಸುವ ಔಷಧಿ ಕೊಡಲೇಬಾರದು. ಸಿಸ್ಟರ್ ಬಾಯಿ ತೆರೆದು "ಸಾರ್, ಮಾಸ್ಕ್ ರೆಡಿ ಇದೆ" ಅನ್ನುವುದು ಉದ್ಧಟತನವಲ್ಲ.

ಬೇರೆ ಎರಡು ಸಂದರ್ಭ

ಮಗು ಬಾಯಿ ಮುಚ್ಚಿದಾಗ ನೀಲಿಯಾಗಿ, ಅತ್ತಾಗ ಕೆಂಪಾದರೆ ಮೂಗಿನ ಹಿಂಭಾಗ ಮುಚ್ಚಿಕೊಂಡಿರಬಹುದು. ಎರಡೂ ಹೊಳ್ಳೆಯಲ್ಲಿ ಸಪೂರ ಕ್ಯಾತಿಟರ್ ಹೋಗದಿದ್ದರೆ ಸಂಶಯ ಬಲವಾಯಿತು. ಅಲ್ಲಿ ಮೂಗಿನ ಟ್ಯೂಬ್ ಉಪಯೋಗಕ್ಕೆ ಬರುವುದಿಲ್ಲ, ಬಾಯಿಗೆ ಓರಲ್ ಏರ್‌ವೇ ಹಾಕಬೇಕು. ಟ್ರೀಚರ್ ಕಾಲಿನ್ಸ್ ಎಂಬ ತೊಂದರೆಯಲ್ಲಿ ಕೆನ್ನೆಮೂಳೆ, ಕಿವಿ, ದವಡೆ ಎಲ್ಲವೂ ಸಣ್ಣದಿರುತ್ತವೆ. ಅಂಥ ಕೆಲವು ಮಕ್ಕಳಲ್ಲಿ ಸಣ್ಣ ದವಡೆ, ಮುಚ್ಚಿದ ಮೂಗು ಎರಡೂ ಒಟ್ಟಿಗೆ ಇರುವುದುಂಟು.

ತುಂಬಾ ಅಪರೂಪಕ್ಕೆ ಮೇಲಿನ, ಕೆಳಗಿನ ದವಡೆ ಅಂಟಿಕೊಂಡು ಬಾಯಿಯೇ ತೆರೆಯದ ಮಗು ಹುಟ್ಟುತ್ತದೆ. ಅಲ್ಲಿ ಲ್ಯಾರಿಂಜಿಯಲ್ ಮಾಸ್ಕ್ ಹೋಗುವುದಿಲ್ಲ. ಮೂಗಿನ ದಾರಿಯೊಂದೇ ಉಳಿಯುವುದು. ಅದೂ ಆಗದಿದ್ದರೆ ಕುತ್ತಿಗೆಯಲ್ಲಿ ದಾರಿ ಮಾಡುವ ಟ್ರೇಕಿಯೋಸ್ಟಮಿ. ಸರ್ಜನರನ್ನು ಮೊದಲ ನಿಮಿಷದಲ್ಲೇ ಕರೆಯಿರಿ.

ಮೊದಲ ದಿನ ಚೆನ್ನಾಗಿದ್ದ ಮಗು

ಹುಟ್ಟಿದ ಕೂಡಲೇ ಜೋರಾಗಿ ಅತ್ತಿತು, ಬಣ್ಣ ಒಳ್ಳೆಯದಿದೆ ಅಂತ ಸಣ್ಣ ಗದ್ದದ ಮಗುವನ್ನು ತಾಯಿಯ ಹತ್ತಿರ ಕೊಟ್ಟು ಮರೆತುಬಿಡಬಾರದು. ಅಳುವಾಗ ನಾಲಿಗೆ ಬಿಗಿಯಾಗಿರುತ್ತದೆ. ನಿದ್ದೆ ಬಂದಾಗ ಸಡಿಲಾಗುತ್ತದೆ. ಹಾಲು ಕುಡಿಯುವಾಗಲೂ ತಡೆ ಹೆಚ್ಚಾಗಬಹುದು. ಎಷ್ಟೋ ಮಕ್ಕಳಲ್ಲಿ ಉಸಿರಿನ ತಡೆ ಗಂಟೆಗಳ, ದಿನಗಳ, ಕೆಲವೊಮ್ಮೆ ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಬಾಣಂತಿ ವಾರ್ಡಿನಲ್ಲಿ ಒಂದು ಮಗು ಹುಟ್ಟಿದ ಎರಡನೇ ರಾತ್ರಿ ಗೊರಕೆ ಹೊಡೆಯುತ್ತಿತ್ತು. "ಅಜ್ಜನ ಹಾಗೇ ನಿದ್ದೆ" ಅಂತ ಅಜ್ಜಿ ಪ್ರೀತಿಯಿಂದ ಹೇಳಿದರು. ನಾನೂ ನಕ್ಕು ಮುಂದಿನ ಮಂಚಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೈಯಲ್ಲೆತ್ತಿ ಕವುಚಿ ಹಾಕಿದ ಕೂಡಲೇ ಉಸಿರು ಸರಿಯಾಯಿತು. ಎಳೆ ಮಗು ಗೊರಕೆ ಹೊಡೆಯುವುದಿಲ್ಲ. ಹೊಡೆದರೆ ಕಾರಣ ಹುಡುಕಬೇಕು.

ಆಕ್ಸಿಮೀಟರ್ 95 ತೋರಿಸಿದರೂ ಪೂರ್ತಿ ನಂಬಬೇಡಿ. ಆಮ್ಲಜನಕ ಹಿಡಿದಿದ್ದರೆ ನಂಬರ್ ಚೆನ್ನಾಗಿಯೇ ಇರುತ್ತದೆ, ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರುತ್ತದೆ. ಮಗು ಮಂಕಾದರೆ, ಎದೆಯ ಎಳೆತ ನಿಲ್ಲದಿದ್ದರೆ ರಕ್ತದಲ್ಲಿ ಅದರ ಮಟ್ಟ ನೋಡುವ ಬ್ಲಡ್ ಗ್ಯಾಸ್ ಪರೀಕ್ಷೆ ಮಾಡಿಸಬೇಕು.

ಮಂಗಳೂರಿಗೆ ಹೊರಡುವಾಗ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದೂರ ದೊಡ್ಡದಲ್ಲ, ಆದರೆ ದಾರಿಯಲ್ಲಿ ಟ್ಯೂಬ್ ಕಳಚಿದರೆ ಪ್ರತಿ ಕಿಲೋಮೀಟರೂ ದೊಡ್ಡದೇ. 2020ರ ಲಾಕ್‌ಡೌನಿನಲ್ಲಿ ಕೇರಳ, ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ನಾವು ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಅಂದಿನಿಂದ ನಾನು ಯಾವಾಗಲೂ ದಕ್ಷಿಣದ ದಾರಿ, ಪರಿಯಾರಂನದ್ದು, ಮನಸ್ಸಿನಲ್ಲಿಟ್ಟುಕೊಂಡೇ ಇರುತ್ತೇನೆ.

ಹೊರಡುವ ಮೊದಲು ಆ ಆಸ್ಪತ್ರೆಯ ಐಸಿಯುಗೆ ಫೋನ್ ಮಾಡಿ, ಬೆಡ್ ಇದೆ ಅಂತ ಅವರ ಬಾಯಿಂದ ಕೇಳಿ. ಆಂಬುಲೆನ್ಸ್ ರಾಜ್ಯ ದಾಟಿ ಹೋಗುತ್ತದೆಯೇ, ಕೇರಳದ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಅಂತ ಮೊದಲೇ ವಿಚಾರಿಸಿ. ಮಗುವಿನ ಉಸಿರಿನ ದಾರಿ ಗಟ್ಟಿಯಾಗದೆ ಮಾತ್ರ ಹೊರಡಬೇಡಿ. ಮಗು ಕವುಚಿ, ಬೆಲ್ಟ್ ಹಾಕಿ, ಬೆಚ್ಚಗೆ 36.5ರಿಂದ 37.5 ಡಿಗ್ರಿಯಲ್ಲಿರಲಿ. ರಕ್ತದ ಸಕ್ಕರೆ ನೋಡಿರಬೇಕು. ಹೊಟ್ಟೆಯ ಗಾಳಿ ಹೊರಬರಲು 8 ಫ್ರೆಂಚ್ ಟ್ಯೂಬ್ ಬಾಯಿಂದ ಹಾಕಿರಬೇಕು. ಬ್ಯಾಗ್, ಸಕ್ಷನ್, ಇನ್ನೊಂದು 2.5 ಟ್ಯೂಬ್, ಲ್ಯಾರಿಂಜಿಯಲ್ ಮಾಸ್ಕ್ ಜೊತೆಗಿರಲಿ. ಅದನ್ನು ಬಳಸಲು ಬರುವ ಒಬ್ಬರು ಮಗುವಿನ ತಲೆಯ ಹತ್ತಿರ ಕೂರಬೇಕು, ಡ್ರೈವರನ ಪಕ್ಕದಲ್ಲಲ್ಲ.

ಹಾಲು

ಉಸಿರು ಸರಿಯಾಗುವ ತನಕ ಬಾಯಿಗೆ ಏನೂ ಬೇಡ. ಜೇನು, ಬಜೆ ನೆಕ್ಕಿಸುವುದು ಅಂತೂ ಬೇಡವೇ ಬೇಡ. ತಾಯಿ ಹಾಲು ಹಿಂಡಿ ಇಟ್ಟರೆ ಮೂಗಿನ ಅಥವಾ ಬಾಯಿಯ ಟ್ಯೂಬಿನಿಂದ ಹೊಟ್ಟೆಗೆ ಕೊಡುತ್ತಾರೆ. ಮೊದಲ ದಿನದಿಂದಲೇ ಹಿಂಡಲು ಹೇಳಿಕೊಡಿ, ಇಲ್ಲದಿದ್ದರೆ ಹಾಲು ಬತ್ತುತ್ತದೆ. ಅಂಗುಳ ಸೀಳಿದ ಮಗುವಿಗೆ ಚೀಪುವ ಎಳೆತ ಹುಟ್ಟುವುದಿಲ್ಲ. ಮೊಲೆಗೆ ಹಾಕಿದರೆ ದಣಿಯುತ್ತದೆ, ಹೊಟ್ಟೆ ತುಂಬುವುದಿಲ್ಲ. ಉಸಿರು ಚೆನ್ನಾದ ಮೇಲೆ, ಡಾಕ್ಟರ್ ಹೇಳಿದ ಮೇಲೆ, ಮಗುವನ್ನು ಒಂದು ಬದಿಗೆ ಮಲಗಿಸಿಕೊಂಡು ಅಥವಾ ಎತ್ತರಿಸಿ ಕೂರಿಸಿಕೊಂಡು ಒಳಲೆಯಿಂದ ಅಥವಾ ಹಿಂಡುವ ಬಾಟಲಿಯಿಂದ ಸ್ವಲ್ಪ ಸ್ವಲ್ಪವೇ ಕೊಡಬಹುದು. ಅಂಗಾತ ಮಲಗಿಸಿ ಒಳಲೆ ಹಾಕುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಈ ಮಗುವಿಗೆ ಅದು ಅಪಾಯ.

ತಾಯಿಯ ಹತ್ತಿರ ಏನು ಹೇಳಬೇಕು

ಮಗುವನ್ನು ಒಯ್ದ ಮೇಲೆ ವಾರ್ಡಿನಲ್ಲಿ ಮಾತು ಶುರುವಾಗುತ್ತದೆ. ಗ್ರಹಣದ ಹೊತ್ತಿಗೆ ಕತ್ತಿ ಹಿಡಿದಳಂತೆ, ಪಪ್ಪಾಯಿ ತಿಂದಳಂತೆ. ಅವಳ ಪಕ್ಕ ಕೂತು, ಅವಳ ಭಾಷೆಯಲ್ಲಿ, ಅತ್ತೆಯೂ ಕೇಳುವ ಹಾಗೆ ಹೇಳಿ: "ನೀನು ಮಾಡಿದ್ದರಿಂದ ಆದದ್ದಲ್ಲ ಇದು, ಮಗಳೇ." ಕೆಲವರಿಗೆ ವಂಶವಾಹಿಯ ಬದಲಾವಣೆಯಿಂದ, ಕೆಲವರಿಗೆ ಗರ್ಭದಲ್ಲಿ ಗದ್ದ ಎದೆಗೆ ಒತ್ತಿಕೊಂಡು ಬೆಳೆಯದೆ ಹೀಗಾಗುತ್ತದೆ. ಎಣ್ಮಕಜೆ ಕಡೆಯವರು ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಕೇಳಿಯೇ ಕೇಳುತ್ತಾರೆ. 2000ದ ವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದ ಊರುಗಳಿವು, ಆ ಭಯ ಸುಮ್ನೆ ಬಂದದ್ದಲ್ಲ. ಆದರೆ ಒಂದು ಮಗುವಿನ ದವಡೆ ನೋಡಿ ಕಾರಣ ಇದೇ ಅಂತ ನಾವು ಹೇಳಲಾಗದು. ಜೆನೆಟಿಕ್ ಪರೀಕ್ಷೆಗೆ ಕಳಿಸಬೇಕು. ಹೌದು ಅಂತಲೂ ಅಲ್ಲ ಅಂತಲೂ ಬಾಯಿಗೆ ಬಂದದ್ದು ಹೇಳಬೇಡಿ.

ಆಮೇಲೆ

ಅನೇಕ ಮಕ್ಕಳಿಗೆ ಕವುಚಿ ಮಲಗಿಸುವುದು, ಮೂಗಿನ ಟ್ಯೂಬ್ ಇಷ್ಟೇ ಸಾಕಾಗುತ್ತದೆ. ದವಡೆ ಬೆಳೆದಂತೆ ನಾಲಿಗೆಗೆ ಜಾಗ ಸಿಗುತ್ತದೆ. ಸಾಕಾಗದವರಿಗೆ ನಾಲಿಗೆಯನ್ನು ಕೆಳತುಟಿಗೆ ಹೊಲಿಯುವ, ಇಲ್ಲವೇ ದವಡೆಯ ಮೂಳೆ ಎರಡೂ ಬದಿ ಕತ್ತರಿಸಿ ಸಾಧನ ಕೂರಿಸಿ ದಿನಕ್ಕೆ 1ರಿಂದ 2 ಮಿಲಿಮೀಟರ್ ಉದ್ದ ಮಾಡುವ ಆಪರೇಷನ್ ಇವೆ. ದೇರಳಕಟ್ಟೆಯಲ್ಲಿ ಮುಖ, ದವಡೆ, ಸೀಳು ಅಂಗುಳದ ಆಪರೇಷನ್ನಿಗೇ ಮೀಸಲಾದ ವಿಭಾಗವಿದೆ. ಅಂಗುಳ ಹೊಲಿಯುವುದು ಸಾಮಾನ್ಯವಾಗಿ 9ರಿಂದ 18 ತಿಂಗಳ ನಡುವೆ.

ಮನೆಗೆ ಕಳಿಸುವಾಗ ಕವುಚಿ ಮಲಗಿಸುವ ಬಗ್ಗೆ ಸ್ಪಷ್ಟವಾಗಿ ಬರೆದು ಕೊಡಿ. ಬೇರೆ ಎಲ್ಲ ಮಕ್ಕಳೂ ಅಂಗಾತವೇ ಮಲಗಬೇಕು, ಕವುಚಿ ಮಲಗಿದರೆ ನಿದ್ದೆಯಲ್ಲಿ ಅಪಾಯವಿದೆ. ಈ ಮಗುವಿಗೆ ಮಾತ್ರ ಬೇರೆ ಲೆಕ್ಕ, ಅದೂ ಡಾಕ್ಟರ್ ಹೇಳಿದಷ್ಟು ದಿನ, ಮಾನಿಟರ್ ಇಟ್ಟುಕೊಂಡು, ಗಟ್ಟಿ ಹಾಸಿಗೆಯಲ್ಲಿ. ತೊಟ್ಟಿಲು, ಜೋಲಿ ಬೇಡ. ಅದರಲ್ಲಿ ಕುತ್ತಿಗೆ ಮಡಚಿಕೊಳ್ಳುತ್ತದೆ. ಗೊರಕೆ ಮತ್ತೆ ಬಂದರೆ, ಹಾಲಿನ ಹೊತ್ತಿಗೆ ಬೆವರಿದರೆ, ತೂಕ ಏರದಿದ್ದರೆ ಅದೇ ದಿನ ಬರಲಿ. ಕಿವಿಯ ಪರೀಕ್ಷೆ, ಕಣ್ಣಿನ ಪರೀಕ್ಷೆ ಎರಡಕ್ಕೂ ತಾರೀಕು ಬರೆದು ಕೊಡಿ. ಸೀಳು ಅಂಗುಳವಿದ್ದರೆ ಕಿವಿಯೊಳಗೆ ನೀರು ನಿಲ್ಲುತ್ತದೆ. ಸ್ಟಿಕ್ಲರ್ ಅನ್ನುವ ತೊಂದರೆ ಜೊತೆಗಿದ್ದರೆ ಕಣ್ಣಿನ ಪರದೆ ಕಳಚುವ ಅಪಾಯವಿದೆ. ಊರಿನ ಆಶಾ ಕಾರ್ಯಕರ್ತೆಗೂ ಒಂದು ಫೋನ್ ಮಾಡಿ, ಮಗು ಮನೆ ಮುಟ್ಟಿದ ಮರುದಿನ ಹೋಗಿ ಅದು ಹೇಗೆ ಮಲಗಿದೆ ಅಂತ ನೋಡಿ ಬರಲಿ.